ಹನ್ನೊಂದು ಐವತ್ತೊಂಬತ್ತರ ವಾಚೂ ಹುಳಿ ದ್ರಾಕ್ಷಿಯ ಮಾತೂ

ಹದಿನೆಂಟು ಲಕ್ಷ ರೂಪಾಯಿಗೂ ಮಿಗಿಲಾದ ಕೈಗಡಿಯಾರವೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಹೊಸೂರಿನ ಕನ್ನಡ ಮೇಷ್ಟ್ರಿಗೆ ಏನು ಯೋಗ್ಯತೆ ಎಂದು ನೀವು ಕೇಳಬಹುದು. ಕೇಳಿ, ಬೇಸರವಿಲ್ಲ. ಆ ಪ್ರಶ್ನೆಯ ಮೇಲೆಯೇ ನಮಗೆ ಜಗಳವಿರುವುದು. ನಮ್ಮ ಸಂಬಳದಲ್ಲಿ ಅಂಥದ್ದೊಂದನ್ನು ಕೊಳ್ಳಬೇಕಾದರೆ ಊಟ ತಿಂಡಿ ಬಿಟ್ಟು ಎಷ್ಟು ವರ್ಷ ದುಡಿಯಬೇಕು ಎಂಬ ಲೆಕ್ಕವನ್ನು ಐದನೇ ತರಗತಿಯ ಮಕ್ಕಳಿಗೆ ಮನೆಗೆಲಸವಾಗಿ ಕೊಡಬಹುದು. ಆದರೂ ನಾವು ಹೇಳುತ್ತೇವೆ: ಆ ವಾಚಿನ ಮುಖ ಚೆನ್ನಾಗಿರಲಿಲ್ಲ. ಹಾಗೆಂದವರನ್ನೆಲ್ಲ ಹೊಟ್ಟೆಕಿಚ್ಚಿನವರು ಎಂದು ತಳ್ಳಿಹಾಕಿದವರು ಹೇಳಿದ್ದು ಸರಿಯಲ್ಲ.

ಮೊದಲು ಹಿನ್ನೆಲೆ. ಸ್ವಿಟ್ಜರ್ಲೆಂಡಿನ ಜೂ ಕಣಿವೆಯಲ್ಲಿ ಲ ಬ್ರಾಸ್ಯೂ ಎಂಬ ಹಳ್ಳಿ. ಅಲ್ಲಿ 1875ರಲ್ಲಿ ಇಬ್ಬರು ಕುಶಲಕರ್ಮಿಗಳು ಸೇರಿ ಆರಂಭಿಸಿದ ಕಂಪನಿ ಓಡ್ಮಾರ್ ಪಿಗೆ. (ಹೆಸರು ಓದುವಾಗ ನಾಲಗೆ ತಡವರಿಸಿದರೆ ಚಿಂತೆಯಿಲ್ಲ. ಫ್ರೆಂಚಿನಲ್ಲಿ ಬರೆದದ್ದರಲ್ಲಿ ಅರ್ಧವನ್ನು ಉಚ್ಚರಿಸುವ ಹಾಗಿಲ್ಲ. ಬರೆದಂತೆ ಓದುವ ನಮಗೆ ಅದು ಕಷ್ಟವೇ ಸರಿ.) ಈ ಕಂಪನಿಯನ್ನು ಜಗತ್ತು ಗುರುತಿಸುವುದು ಒಂದೇ ಒಂದು ವಾಚಿನಿಂದ, ರಾಯಲ್ ಓಕ್‌ನಿಂದ. ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರ ರೂಪಿಸಿ 1972ರಲ್ಲಿ ಹೊರಬಂದದ್ದು ಅದು. ಎಂಟು ಮೂಲೆಯ ಅಂಚು, ಅದರ ಮೇಲೆ ಕಣ್ಣಿಗೆ ಕಾಣುವ ಎಂಟು ಸ್ಕ್ರೂ, ಮೈಯೆಲ್ಲ ಉಕ್ಕು. ಉಕ್ಕಿನ ವಾಚಿಗೆ 3,300 ಸ್ವಿಸ್ ಫ್ರಾಂಕ್ ಬೆಲೆ ಇಟ್ಟಾಗ ಎಷ್ಟೋ ಚಿನ್ನದ ವಾಚುಗಳು ಅದಕ್ಕಿಂತ ಅಗ್ಗವಾಗಿದ್ದವು. ಜನ ನಕ್ಕರು. ಆಮೇಲೆ ಅದೇ ವಾಚು ಕಂಪನಿಯನ್ನು ಸಾಕಿತು, ಎಷ್ಟೆಂದರೆ ಬೇರೆ ಏನು ಮಾಡಿದರೂ ಯಾರೂ ತಿರುಗಿ ನೋಡದ ಹಾಗೆ.

ಒಂದೇ ಕಂಬದ ಮೇಲೆ ಮನೆ ನಿಲ್ಲಿಸಿದವರಿಗೆ ಎರಡನೆಯ ಕಂಬ ಬೇಕಿತ್ತು. 2019ರ ಜನವರಿಯಲ್ಲಿ ಜಿನೀವಾದ ಮೇಳದಲ್ಲಿ ಅದನ್ನು ತಂದರು. ಹೆಸರು ಕೋಡ್ 11.59. ಹನ್ನೊಂದು ಐವತ್ತೊಂಬತ್ತು ಎಂದರೆ ಹೊಸ ದಿನಕ್ಕೆ ಇನ್ನೊಂದೇ ನಿಮಿಷ ಎಂಬ ಅರ್ಥವಂತೆ. ಕೋಡ್ ಎಂಬುದರ ಒಂದೊಂದು ಅಕ್ಷರಕ್ಕೂ ಸವಾಲು ಹಾಕು, ನಿನ್ನದಾಗಿಸಿಕೊ, ಧೈರ್ಯ ಮಾಡು, ವಿಕಾಸ ಹೊಂದು ಎಂಬ ಅರ್ಥ ಕೊಟ್ಟರು. ಇಂಥ ಹೆಸರನ್ನು ವಾರ್ಷಿಕೋತ್ಸವದ ಬ್ಯಾನರಿಗೆ ಬರೆದು ತಂದಿದ್ದರೆ ನಮ್ಮ ಮುಖ್ಯೋಪಾಧ್ಯಾಯರು ಅರ್ಧ ಅಳಿಸಿ ವಾಪಸು ಕೊಡುತ್ತಿದ್ದರು. ಇರಲಿ. ಒಂದೇ ಸಲಕ್ಕೆ ಹದಿಮೂರು ಬಗೆ ಬಿಟ್ಟರು, ಎಲ್ಲವೂ ಚಿನ್ನದವು. ಗಂಟೆ, ನಿಮಿಷ, ಸೆಕೆಂಡು, ದಿನಾಂಕವಷ್ಟೇ ಇರುವ ಸಾದಾ ವಾಚಿಗೇ ಇಪ್ಪತ್ತಾರು ಸಾವಿರ ಡಾಲರಿಗೂ ಮೇಲು.

ಮೇಳದ ಬಾಗಿಲು ತೆರೆದ ದಿನವೇ ಬೈಗುಳ ಶುರುವಾಯಿತು. ಚಿತ್ರಗಳು ಅಂತರ್ಜಾಲದಲ್ಲಿ ಹರಡಿದಂತೆ ಬೈಯುವವರೂ ಹೆಚ್ಚಿದರು. ಇದು ಯಾವುದೋ ದೊಡ್ಡ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುವ ಸಾಮಾನ್ಯ ವಾಚಿನಂತಿದೆ ಎಂದರು. ಡಯಲ್ ಚಪ್ಪಟೆ, ಖಾಲಿ ಎಂದರು. ಅಂಕಿಗಳಿಗೆ ಜೀವವಿಲ್ಲ ಎಂದರು. ದಿನಾಂಕದ ಕಿಂಡಿಯನ್ನು ನಾಲ್ಕಕ್ಕೂ ಐದಕ್ಕೂ ನಡುವೆ ಓರೆಯಾಗಿ ತೂರಿಸಿದ್ದನ್ನು ನೋಡಿ ಹಣೆ ಚಚ್ಚಿಕೊಂಡರು. ಡ್ರೆಸ್ ವಾಚು ಎನ್ನುವುದಕ್ಕೆ ತೀರಾ ದೊಡ್ಡದು ಎಂದರು. ಮೆಚ್ಚಿದವರೂ ಇದ್ದರು, ಅವರ ದನಿ ಕೇಳಿಸಲಿಲ್ಲ.

ಕಂಪನಿಯ ಪರ ನಿಂತವರು ಮೂರು ವಾದ ಹೂಡಿದರು. ಒಂದು, ರಾಯಲ್ ಓಕ್ ಬಂದಾಗಲೂ ಹೀಗೇ ನಕ್ಕಿದ್ದರು, ಕಾದು ನೋಡಿ. ಎರಡು, ಕೈಗೆ ಕಟ್ಟಿ ನೋಡದೆ ಮಾತಾಡಬೇಡಿ. ಮೂರನೆಯದು ಅಷ್ಟು ನೇರವಾಗಿ ಬರಲಿಲ್ಲ, ಆದರೆ ಎರಡನೆಯದರ ಹೊಟ್ಟೆಯಲ್ಲೇ ಇತ್ತು: ನೀವು ಕೊಳ್ಳುವವರೇ ಅಲ್ಲವಲ್ಲ, ನಿಮಗೇಕೆ?

ಮೊದಲನೆಯದು ತರಗತಿಯಲ್ಲಿ ನಿಲ್ಲದ ತರ್ಕ. ದೊಡ್ಡವರಾದ ಕೆಲವರು ಬಾಲ್ಯದಲ್ಲಿ ಗಣಿತದಲ್ಲಿ ನಪಾಸಾಗಿದ್ದರು ಎಂಬ ಕಥೆ ಕೇಳಿ ತಾನು ನಪಾಸಾದದ್ದೇ ದೊಡ್ಡವನಾಗುವ ಗುರುತು ಎಂದುಕೊಳ್ಳುವ ಹುಡುಗರನ್ನು ನಾವು ಬೇಕಾದಷ್ಟು ನೋಡಿದ್ದೇವೆ. 1972ರಿಂದ ಈಚೆಗೆ ಜನ ನಕ್ಕ ವಾಚುಗಳು ಸಾವಿರಾರು, ಅವುಗಳಲ್ಲಿ ಹೆಚ್ಚಿನವು ನಗೆಗೆ ಅರ್ಹವಾಗಿಯೇ ಇದ್ದವು, ಯಾರ ನೆನಪಿನಲ್ಲೂ ಉಳಿಯಲಿಲ್ಲ. ಇನ್ನೊಂದು ಮಾತೂ ಇದೆ. ರಾಯಲ್ ಓಕ್ ನೋಡಿ ಜನ ನಕ್ಕದ್ದು ಅದು ಯಾವುದರ ಹಾಗೂ ಇಲ್ಲ ಎಂದು. ಕೋಡ್ ನೋಡಿ ನಕ್ಕದ್ದು ಅದು ಎಲ್ಲದರ ಹಾಗೂ ಇದೆ ಎಂದು. ಎರಡೂ ನಗೆಯೇ, ಆದರೆ ಎರಡೂ ಒಂದೇ ಬೈಗುಳವೇ?

ಎರಡನೆಯ ವಾದದಲ್ಲಿ ಸ್ವಲ್ಪ ಹುರುಳಿದೆ, ಅದನ್ನು ಒಪ್ಪಲೇಬೇಕು. ಈ ವಾಚನ್ನು ಎದುರಿನಿಂದ ತೆಗೆದ ಚಿತ್ರ ಅದಕ್ಕೆ ಮಾಡುವಷ್ಟು ಅನ್ಯಾಯವನ್ನು ಯಾವ ವಿಮರ್ಶಕನೂ ಮಾಡಲಿಲ್ಲ. ಪಕ್ಕದಿಂದ ನೋಡಿ. ಮೇಲೆ ದುಂಡನೆಯ ಅಂಚು, ಕೆಳಗೆ ದುಂಡನೆಯ ಬೆನ್ನು, ನಡುವೆ ಎಂಟು ಮೂಲೆಯ ಒಡಲು. ರಾಯಲ್ ಓಕ್‌ನ ಎಂಟು ಮೂಲೆಯನ್ನು ಒಳಗೆ ಬಚ್ಚಿಟ್ಟಿದ್ದಾರೆ. ಬೆಲ್ಟು ಸಿಕ್ಕಿಸುವ ಕೊಂಬುಗಳು ನಡುವೆ ಟೊಳ್ಳು, ಮೇಲಿನ ಅಂಚಿಗೆ ಮಾತ್ರ ಅಂಟಿಕೊಂಡು ಕೆಳಗೆ ಬೆನ್ನಿಗೆ ಸುಮ್ಮನೆ ಒರಗಿವೆ. ಅದರ ಒಂದೊಂದು ಮುಖಕ್ಕೂ ಬೇರೆ ಬೇರೆ ಹೊಳಪು ಕೊಟ್ಟಿದ್ದಾರೆ, ಒಂದು ಕನ್ನಡಿಯಂತೆ, ಪಕ್ಕದ್ದು ರೇಷ್ಮೆಯ ಎಳೆಯಂತೆ, ಎರಡರ ನಡುವಿನ ಗೆರೆ ಚಾಕುವಿನಲ್ಲಿ ಕೊಯ್ದಂತೆ. ಗಾಜಿಗೂ ಎರಡು ಬಾಗು: ಒಳಮೈ ಗುಮ್ಮಟದ ಹಾಗೆ, ಹೊರಮೈ ಹನ್ನೆರಡರಿಂದ ಆರರವರೆಗೆ ಕಮಾನಿನ ಹಾಗೆ. ಯಂತ್ರವೂ ಹೊಸದು, ಕೈ ಆಡಿದಂತೆ ತಾನೇ ಕೀಲಿ ಸುತ್ತಿಕೊಳ್ಳುವಂಥದ್ದು, ಬಿಚ್ಚಿಟ್ಟರೂ ಎಪ್ಪತ್ತು ಗಂಟೆ ನಡೆಯುವಂಥದ್ದು. ಇಷ್ಟು ಕೆಲಸ ಮಾಡಿದವರನ್ನು ಸೋಮಾರಿಗಳು ಎಂದು ಬೈದವರು ನೋಡದೆಯೇ ಬೈದರು. ಅಂಥವರ ಪರ ನಾವಿಲ್ಲ.

ಆದರೆ ಪಕ್ಕದಿಂದ ಚೆನ್ನಾಗಿರುವುದು ಎದುರಿನ ತಪ್ಪಿಗೆ ಉತ್ತರವಲ್ಲ. ಗಂಟೆ ನೋಡುವುದು ಎದುರಿನಿಂದ. ಅಂಚನ್ನು ಕೂದಲಿನಷ್ಟು ತೆಳ್ಳಗೆ ಮಾಡಿದ್ದರಿಂದ 41 ಮಿಲಿಮೀಟರ್ ಅಗಲದ ವಾಚೆಲ್ಲ ಡಯಲ್ಲೇ ಆಗಿಬಿಟ್ಟಿತು. ಅಷ್ಟು ದೊಡ್ಡ ಬಯಲಿನಲ್ಲಿ ಏನಾದರೂ ನಡೆಯಬೇಕು. ನಡೆದದ್ದೇನು? ನಯವಾದ ಮೆರುಗಿನ ಕಪ್ಪು, ನೀಲಿ ಅಥವಾ ಬಿಳಿ, ಅದರ ಮೇಲೆ ಸಪೂರ ಗೆರೆಗಳು, ಸಪೂರ ಅಂಕಿಗಳು. ದೊಡ್ಡ ಅಂಗಳ ಗುಡಿಸಿ ಸಾರಿಸಿ, ರಂಗೋಲಿ ಹಾಕದೆ, ಮೂಲೆಯಲ್ಲಿ ನಾಲ್ಕು ಚುಕ್ಕಿ ಇಟ್ಟು ಎದ್ದ ಹಾಗೆ.

ಅಂಕಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ, ಅಕ್ಷರ ಅಂಕಿ ತಿದ್ದಿಸುವುದೇ ನಮ್ಮ ಕಸುಬಾದ್ದರಿಂದ. ಎರಡನೇ ತರಗತಿಯ ಮಕ್ಕಳಿಗೆ ಗಡಿಯಾರ ಬರೆಯಲು ಹೇಳಿದರೆ ಬಹುಪಾಲು ಮಕ್ಕಳು ಒಂದರಿಂದ ಶುರುಮಾಡಿ ಬಲಗಡೆಯೇ ಏಳೆಂಟು ಅಂಕಿಗಳನ್ನು ಒತ್ತೊತ್ತಾಗಿ ತುಂಬಿಬಿಡುತ್ತಾರೆ, ಎಡಗಡೆ ಬಯಲು ಉಳಿಯುತ್ತದೆ. ಆಗ ನಾವು ಹೇಳಿಕೊಡುವುದು, ಮೊದಲು ಹನ್ನೆರಡು ಆರು ಮೂರು ಒಂಬತ್ತು ಇಡು, ಆಮೇಲೆ ನಡುವೆ ತುಂಬು ಎಂದು. ಅಂಕಿ ಎಂದರೆ ಅದರ ರೂಪ ಮಾತ್ರವಲ್ಲ, ಸುತ್ತ ಉಳಿದ ಜಾಗವೂ ಅಂಕಿಯ ಭಾಗವೇ ಎಂದು ಮಕ್ಕಳಿಗೆ ಕೈಯಿಂದ ತಿಳಿಯುವುದು ಅಲ್ಲಿ. ಕೋಡ್‌ನ ಅಂಕಿಗಳನ್ನು ತಮ್ಮದೇ 1940ರ ದಶಕದ ಹಳೆಯ ವಾಚೊಂದರಿಂದ ತೆಗೆದುಕೊಂಡೆವು ಎಂದು ಕಂಪನಿ ಹೇಳಿತು. ನಂಬೋಣ. ಆದರೆ ಆ ಕಾಲದ ವಾಚುಗಳ ಡಯಲ್ ಚಿಕ್ಕದು. ಆ ಅಳತೆಗೆ ಹದವಾಗಿ ಕೂತದ್ದನ್ನು ಎತ್ತಿ ಈ ಬಯಲಿಗೆ ತಂದರೆ ಅದೇ ಅಂಕಿ ಬೇರೆಯೇ ಅಂಕಿ. ಐದನೇ ತರಗತಿಯ ಹುಡುಗನ ಅಂಗಿಯನ್ನು ಅವನಪ್ಪನಿಗೆ ತೊಡಿಸಿ, ಬಟ್ಟೆ ಒಳ್ಳೆಯದೇ ಎಂದು ವಾದಿಸಿದಂತೆ ಅದು.

ಇದರಲ್ಲೊಂದು ವಿಚಿತ್ರ ನೋಡಿ. ಡಯಲ್ ಮೇಲಿನ ಕಂಪನಿಯ ಹೆಸರಿದೆಯಲ್ಲ, ಅದನ್ನು ಅಚ್ಚು ಹೊಡೆದಿಲ್ಲ. ವಿದ್ಯುತ್ ಹಾಯಿಸಿ, ದ್ರಾವಣದಲ್ಲಿ 24 ಕ್ಯಾರೆಟ್ ಚಿನ್ನವನ್ನು ಪದರ ಪದರವಾಗಿ ಬೆಳೆಸಿ, ಅಕ್ಷರಗಳಿಗೆ ಉಬ್ಬು ತಂದು, ಕೈಯಿಂದ ಕೂರಿಸಿದ್ದಾರೆ. ಸ್ವಂತ ಹೆಸರು ಬರೆಯಲು ಅಷ್ಟು ತಾಳ್ಮೆಯಿದ್ದವರಿಗೆ ಹನ್ನೆರಡು ಎಂದು ಬರೆಯುವಾಗ ತಾಳ್ಮೆ ಎಲ್ಲಿ ಹೋಯಿತು? ಅಂಕಿಗಳೂ ಚಿನ್ನದವೇ ಎಂದು ಯಾರಾದರೂ ಹೇಳಬಹುದು. ಚಿನ್ನದ ಬಳಪದಲ್ಲಿ ಬರೆದರೆ ಕೆಟ್ಟ ಅಕ್ಷರ ದುಂಡಾಗುತ್ತದೆಯೇ?

ಡ್ರೆಸ್ ವಾಚು ಎಂಬ ಮಾತಿಗೂ ಇಲ್ಲಿ ನಿಲ್ಲಬೇಕು. ಮದುವೆಗೋ ಸಭೆಗೋ ಹೋಗುವಾಗ ತುಂಬುತೋಳಿನ ಅಂಗಿಯ ಕಫ್ ಒಳಗೆ ಸದ್ದಿಲ್ಲದೆ ಇರಬೇಕಾದ ವಾಚು ಅದು. ತೆಳ್ಳಗಿರಬೇಕು, ಕೈ ಎತ್ತಿದಾಗ ಅರೆಕ್ಷಣ ಕಂಡು ಮರೆಯಾಗಬೇಕು. ಈ ಗುಣ ಏನೆಂದು ಹೊಸೂರಿನವರಿಗೆ ಸ್ವಿಟ್ಜರ್ಲೆಂಡಿನವರು ಬಂದು ಹೇಳಬೇಕಿಲ್ಲ. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಹುಟ್ಟುಹಾಕಿದ ಟೈಟಾನ್ ಕಂಪನಿಯ ವಾಚು ಕಾರ್ಖಾನೆ ಇರುವುದು ನಮ್ಮೂರಿನಲ್ಲೇ. 2002ರಲ್ಲಿ ಆ ಕಂಪನಿ ಎಡ್ಜ್ ಎಂಬ ವಾಚು ತಂದಾಗ ಇಡೀ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಕೋಡ್‌ನ ಸಾದಾ ವಾಚಿನ ದಪ್ಪ 10.7 ಮಿಲಿಮೀಟರ್. ಮೂರು ಎಡ್ಜ್ ಒಂದರ ಮೇಲೊಂದು ಇಟ್ಟರೂ ಅದಕ್ಕೆ ಸಮ ಬಾರದು. ಒಂದು ಬ್ಯಾಟರಿಯದು, ಇನ್ನೊಂದು ಕೀಲಿಯದು, ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ನಾವೇ ಹೇಳಿಬಿಡುತ್ತೇವೆ. ಹೇಳಬೇಕಾದದ್ದು ಇಷ್ಟೇ: ಮರೆಯಲ್ಲಿ ಇರಬೇಕಾದ ವಾಚನ್ನು ಮೆರೆಯುವ ವಾಚಾಗಿ ಮಾಡಲು ಹೊರಟರೆ ಎರಡೂ ಕಡೆ ಸಲ್ಲದೆ ಹೋಗುತ್ತದೆ. ಕೋಡ್‌ಗೆ 2019ರಲ್ಲಿ ಆದದ್ದು ಅದೇ. ರಾಯಲ್ ಓಕ್ ಹಾಕುವವನಿಗೆ ಅದು ಸಪ್ಪೆ, ಡ್ರೆಸ್ ವಾಚು ಹಾಕುವವನಿಗೆ ಅದು ದಪ್ಪ.

ಈಗ ಮೂರನೆಯ ವಾದಕ್ಕೆ ಬರೋಣ, ನಮ್ಮ ಸಿಟ್ಟಿರುವುದು ಅದರ ಮೇಲೆ. ಕೋಡ್ ಬಂದಾಗ ಒಳಗೊಳಗೇ ಇದ್ದ ಆ ಮಾತು ಐದು ವರ್ಷ ಬಿಟ್ಟು ಬಯಲಿಗೆ ಬಂತು. 2024ರ ಅಕ್ಟೋಬರಿನಲ್ಲಿ ಪಟೆಕ್ ಫಿಲಿಪ್ ಕಂಪನಿ ಕ್ಯೂಬಿಟಸ್ ಎಂಬ ಚೌಕದ ವಾಚು ತಂದಿತು. ಅದು ಡ್ರೆಸ್ ವಾಚಲ್ಲ, ಇನ್ನೊಂದು ಜಾತಿ, ಆದರೆ ಗದ್ದಲ ಮಾತ್ರ ಅದೇ. ಬೈದವರ ಬಗ್ಗೆ ಕೇಳಿದಾಗ ಕಂಪನಿಯ ಅಧ್ಯಕ್ಷ ಥಿಯರಿ ಸ್ಟರ್ನ್ ಸಂದರ್ಶನವೊಂದರಲ್ಲಿ, ದ್ವೇಷ ಕಾರುವವರಲ್ಲಿ ಹೆಚ್ಚಿನವರು ಎಂದೂ ಪಟೆಕ್ ಹೊಂದಿದವರಲ್ಲ, ಮುಂದೆ ಹೊಂದುವವರೂ ಅಲ್ಲ ಎಂಬರ್ಥದ ಮಾತಾಡಿದರು. ನರಿಗೆ ದ್ರಾಕ್ಷಿ ಹುಳಿ ಎಂದ ಹಾಗೆ. ಆ ಕಥೆಯನ್ನು ನಾವು ಪ್ರತಿವರ್ಷ ಪಾಠ ಮಾಡುತ್ತೇವೆ ಸ್ವಾಮಿ, ಅದರಲ್ಲಿ ನರಿ ದ್ರಾಕ್ಷಿಯ ರುಚಿಯ ಬಗ್ಗೆ ಮಾತಾಡುತ್ತದೆ. ರುಚಿ ತಿಳಿಯಲು ತಿನ್ನಬೇಕು, ನಿಜ. ರೂಪ ತಿಳಿಯಲು ಕೊಳ್ಳಬೇಕೇ? ನೋಡಿದರೆ ಸಾಲದೇ?

ಬೇಲೂರಿನ ದೇವಸ್ಥಾನ ಕಟ್ಟಿಸಿದವನು ವಿಷ್ಣುವರ್ಧನ. ಹಣ ಹಾಕಿದ ರಾಜನಿಗೆ ಮಾತ್ರ ಮದನಿಕೆಯರು ಚೆಂದವೆನ್ನುವ ಹಕ್ಕಿದ್ದರೆ ಒಂಬೈನೂರು ವರ್ಷಗಳಿಂದ ಬಸ್ಸಿನಲ್ಲೂ ಗಾಡಿಯಲ್ಲೂ ನಡೆದೂ ಬಂದ ಜನವೆಲ್ಲ ಅಲ್ಲಿ ಬಾಯಿಮುಚ್ಚಿಕೊಂಡು ನಿಲ್ಲಬೇಕಿತ್ತು. ಅಡುಗೆ ಬಾರದವನಿಗೂ ಸಾರಿಗೆ ಉಪ್ಪು ಹೆಚ್ಚಾದದ್ದು ತಿಳಿಯುತ್ತದೆ. ಸೀರೆ ಕೊಳ್ಳಲು ದುಡ್ಡಿಲ್ಲದ ಹೆಣ್ಣುಮಗಳು ಅಂಗಡಿಯ ಗಾಜಿನಾಚೆಯಿಂದಲೇ ಅಂಚಿಗೂ ಒಡಲಿಗೂ ಬಣ್ಣ ಹೊಂದಿಲ್ಲ ಎಂದು ಹೇಳಬಲ್ಲಳು, ಎಷ್ಟೋ ಸಲ ಒಳಗೆ ನಿಂತು ಕೊಳ್ಳುತ್ತಿರುವವಳಿಗಿಂತ ಚೆನ್ನಾಗಿ. ಅವಳು ಕಣ್ಣಿನಿಂದ ಮಾತ್ರ ಕೊಳ್ಳುವವಳಾದ್ದರಿಂದ ಕಣ್ಣನ್ನು ಹೆಚ್ಚು ಬಳಸಿದ್ದಾಳೆ.

ಇನ್ನೊಂದು ಕೋನದಿಂದ ನೋಡಿ. ವಾಚು ಮಾಡುವವರು ಯಾರು? ನಮ್ಮೂರಿನಲ್ಲಿ ವಾಚಿನ ಭಾಗ ಜೋಡಿಸುವ ಕೈಗಳಿವೆ, ಕೂದಲಿನಷ್ಟು ಸಣ್ಣ ವ್ಯತ್ಯಾಸವನ್ನು ಭೂತಗನ್ನಡಿಯಲ್ಲಿ ಹಿಡಿಯುವ ಕಣ್ಣುಗಳಿವೆ. ಲ ಬ್ರಾಸ್ಯೂ ಹಳ್ಳಿಯಲ್ಲೂ ಆ ಚಿನ್ನದ ಕೊಂಬುಗಳ ಅಂಚನ್ನು ತಿಕ್ಕಿ ತೀಡಿ ಕನ್ನಡಿ ಮಾಡುವವರು ಇದ್ದಾರೆ. ಅವರಲ್ಲಿ ಎಷ್ಟು ಜನ ತಮ್ಮ ಸಂಬಳದಲ್ಲಿ ತಾವೇ ತೀಡಿದ ವಾಚು ಕಟ್ಟಿಕೊಂಡು ಮನೆಗೆ ಹೋಗಬಲ್ಲರು? ಕೊಳ್ಳದವರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದರೆ ಮೊದಲು ಬಾಯಿ ಮುಚ್ಚಬೇಕಾದವರು ಅವರೇ. ಜಗತ್ತಿನಲ್ಲಿ ವಾಚಿನ ರೂಪ ಬಲ್ಲವರು ಯಾರಾದರೂ ಇದ್ದರೆ ಅವರೂ ಅವರೇ! ದುಡ್ಡಿದ್ದವನಿಗೆ ಕೊಳ್ಳುವ ಹಕ್ಕಿದೆ, ಕಂಪನಿಗೆ ಮಾರುವ ಹಕ್ಕಿದೆ. ಚೆಂದ ಯಾವುದು ಎಂಬ ತೀರ್ಪೂ ರಶೀದಿಯ ಜೊತೆ ಕಟ್ಟಿ ಕೊಡುವ ವಸ್ತು ಎಂದಾದರೆ ನಮ್ಮ ಮಕ್ಕಳಿಗೆ ನಾವು ಚಿತ್ರ ಬರೆಯುವುದನ್ನು ಏಕೆ ಕಲಿಸಬೇಕು? ನಮ್ಮ ಶಾಲೆಗಳ ಮಕ್ಕಳಿಗೆ ಈ ‘ನಿನಗೇಕೆ’ ಎಂಬ ಮಾತು ಹೊಸದಲ್ಲ. ದೊಡ್ಡ ಊರಿನ ದೊಡ್ಡ ಅಂಗಡಿಗಳಲ್ಲಿ, ಆಫೀಸುಗಳಲ್ಲಿ ಅವರ ಚಪ್ಪಲಿ ನೋಡಿಯೇ ಅದನ್ನು ಹೇಳುವವರಿದ್ದಾರೆ. ಜಿನೀವಾದಿಂದ ಬಂದರೂ ಮಾತು ಅದೇ.

ನಾವು ಹೇಳುವುದು ಬರೀ ವಾದವಲ್ಲ, ಸಾಕ್ಷಿಯೂ ಇದೆ. ಬೈದವರದು ಬರೀ ಹೊಟ್ಟೆಕಿಚ್ಚಾಗಿದ್ದರೆ ಕಂಪನಿ ಏನನ್ನೂ ಬದಲಾಯಿಸಬೇಕಾಗಿರಲಿಲ್ಲ. ಆದದ್ದೇನು? 2020ರಲ್ಲಿ ಆ ಚಪ್ಪಟೆ ಡಯಲ್‌ಗಳ ಪಕ್ಕಕ್ಕೆ, ನಡುವಿನಿಂದ ಕಿರಣದಂತೆ ಹರಡಿ ಅಂಚಿಗೆ ಕಪ್ಪಾಗುವ ಬಣ್ಣದ ಡಯಲ್‌ಗಳು ಬಂದವು. 2023ರಲ್ಲಿ ಉಕ್ಕಿನ ಕೋಡ್ ಬಂತು. ಅದರ ಡಯಲ್ಲಿಗೆ ಯಾನ್ ಫಾನ್ ಕೇನಲ್ ಎಂಬ ಸ್ವಿಸ್ ಕುಸುರಿಗಾರನ ಕೈಯಿಂದ ಮೂಲ ಅಚ್ಚು ಮಾಡಿಸಿದರು. ಕೆರೆಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳ ಹಾಗೆ ನಡುವಿನಿಂದ ಅಂಚಿನವರೆಗೆ ಉಬ್ಬು ತಗ್ಗಿನ ವರ್ತುಲಗಳು. ಬಯಲು ತುಂಬಿತು, ಬೆಳಕು ಆಡಲು ಜಾಗ ಸಿಕ್ಕಿತು. ಆ ಸಪೂರ ಅಂಕಿಗಳು? ಹೋದವು! ಅವುಗಳ ಜಾಗಕ್ಕೆ ಪಟ್ಟೆ ಕೊರೆದ ಗೆರೆಗಳು ಬಂದವು. ಅಂದರೆ ಬೈದವರು ಯಾವುದನ್ನು ಬೈದಿದ್ದರೋ ಅದನ್ನೇ ತೆಗೆದರು, ಪಕ್ಕದಿಂದ ಚೆನ್ನಾಗಿದ್ದ ಒಡಲನ್ನು ಹಾಗೇ ಉಳಿಸಿದರು. ಪರೀಕ್ಷೆಯಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆದ ಮೇಷ್ಟ್ರನ್ನು ಹುಡುಗ ಹೊರಗೆ ಎಷ್ಟೇ ಬೈಯಲಿ, ಮುಂದಿನ ಸಲ ಅದೇ ಪದವನ್ನು ಸರಿಯಾಗಿ ಬರೆದರೆ ಮೇಷ್ಟ್ರಿಗೆ ಬೇರೆ ಉತ್ತರ ಬೇಡ.

ಅದೇ 2023ರಲ್ಲಿ ಜಿನೀವಾದ ವಾಚು ಪ್ರಶಸ್ತಿಗಳಲ್ಲೇ ದೊಡ್ಡದಾದ ‘ಚಿನ್ನದ ಮುಳ್ಳು’ ಈ ಕೋಡ್ ಸರಣಿಯ ಯೂನಿವರ್ಸೆಲ್ ಎಂಬ ವಾಚಿಗೆ ಸಿಕ್ಕಿತು. ನಲವತ್ತು ಕೆಲಸ ಮಾಡುವ ಯಂತ್ರವನ್ನು 42 ಮಿಲಿಮೀಟರಿನ ಒಡಲಿನಲ್ಲಿ ಅಡಗಿಸಿದ ಸಾಹಸ ಅದು, ಪ್ರಶಸ್ತಿ ಸಲ್ಲಬೇಕಾದದ್ದೇ. ಇದನ್ನೇ ಹಿಡಿದು, ನೋಡಿ, 2019ರಲ್ಲಿ ಬೈದವರಿಗೆ ಕಪಾಳಮೋಕ್ಷವಾಯಿತು ಎಂದು ಈಗ ಹೇಳುವವರಿದ್ದಾರೆ. ಹೇಗೆ? ಯಾರೂ ಕಂಪನಿಗೆ ಯಂತ್ರ ಮಾಡಲು ಬಾರದು ಎಂದಿರಲಿಲ್ಲ. ಡಯಲ್ ಚೆನ್ನಾಗಿಲ್ಲ ಎಂದಿದ್ದರು. ಅಣ್ಣನಿಗೆ ಓಟದಲ್ಲಿ ಬಹುಮಾನ ಬಂದರೆ ತಮ್ಮನ ಕಾಗುಣಿತ ಸರಿಯಾಗುವುದಿಲ್ಲ.

ಕೊನೆಗೆ ಆ ನಾಲ್ಕೂವರೆಯ ಕಿಂಡಿಯ ವಿಷಯ. ಯಂತ್ರದ ರಚನೆಯೇ ಹಾಗಿರಬಹುದು, ದಿನಾಂಕವನ್ನು ಬೇರೆಡೆ ಇಡಲು ಬರುತ್ತಿರಲಿಲ್ಲವೇನೋ ಎಂದು ಕೆಲವು ಸಾಧುಗಳು ಸಮಾಧಾನ ಹೇಳುತ್ತಾರೆ. ಅದೇ 2019ರ ಜನವರಿ, ಅದೇ ಜಿನೀವಾ ಮೇಳ, ಅದೇ ಓಡ್ಮಾರ್ ಪಿಗೆಯ ಮಳಿಗೆ. ಅಲ್ಲಿ 41 ಮಿಲಿಮೀಟರಿನ ಹೊಸ ರಾಯಲ್ ಓಕ್ ಒಂದೂ ಬಂದಿತ್ತು. ಅದರೊಳಗೆ ಇದ್ದದ್ದು ಕೋಡ್‌ನೊಳಗಿನ 4302 ಎಂಬ ಅದೇ ಯಂತ್ರ. ಅದರ ದಿನಾಂಕದ ಕಿಂಡಿ ಇದ್ದದ್ದು ಮೂರರ ಜಾಗದಲ್ಲಿ, ನೆಟ್ಟಗೆ, ಎಲ್ಲರ ಮನೆಯ ವಾಚಿನಲ್ಲಿ ಇರುವ ಹಾಗೆ.